ಕಂಬಳಿಯಲ್ಲಿ ಬಂದ ಕಡಲ ಹಕ್ಕಿ

1998ರ ಜೂನ್. ಚಳ್ಳಕೆರೆಯಿಂದ ಬಳ್ಳಾರಿಗೆ ಹೋಗುವ ರಸ್ತೆಯ ಮೇಲಿನ ಒಂದು ಊರಿನಲ್ಲಿ ನಾನು ಪಶುವೈದ್ಯಾಧಿಕಾರಿಯಾಗಿ ಮೂರನೆಯ ವರ್ಷ ಕಳೆಯುತ್ತಿದ್ದೆ. ಆಸ್ಪತ್ರೆ ಸೇರಿದ್ದು ಮೊಳಕಾಲ್ಮುರು ತಾಲ್ಲೂಕಿಗೆ. ಆದರೆ ಬಸ್ಸು ನಮ್ಮ ಗೇಟಿನ ಎದುರಿಗೇ ನಿಲ್ಲುತ್ತಿದ್ದ ಕಾರಣ ಚಳ್ಳಕೆರೆ ಕಡೆಯ ಹಳ್ಳಿಗಳವರೂ ಕುರಿ, ಮೇಕೆ ಹೊತ್ತುಕೊಂಡು ನಮ್ಮಲ್ಲಿಗೇ ಬಂದಿಳಿಯುತ್ತಿದ್ದರು. ನನಗಾಗ ಮೂವತ್ತಾರು ವರ್ಷ. ಹೆಂಗಸು ಡಾಕ್ಟರು ಎತ್ತಿನ ಬಾಯಿಗೆ ಕೈ ಹಾಕುತ್ತಾಳೋ ಇಲ್ಲವೋ ನೋಡೋಣ ಎಂದು ಮೊದಲ ವರ್ಷ ಕಾಂಪೌಂಡಿನ ಆಚೆ ನಿಲ್ಲುತ್ತಿದ್ದ ಗಂಡಸರು, ಮೂರನೆಯ ವರ್ಷಕ್ಕೆ ಒಳಗೆ ಬಂದು ಹಗ್ಗ ಹಿಡಿಯುವಷ್ಟು ಪಳಗಿದ್ದರು. ಕೋಪ ಮಾತ್ರ ನನಗೆ ಮೂಗಿನ ತುದಿಯಲ್ಲೇ ಇರುತ್ತಿತ್ತು. ಬೈಸಿಕೊಳ್ಳದೆ ನಮ್ಮ ಆಸ್ಪತ್ರೆಯಿಂದ ಮನೆಗೆ ಹೋದವರು ಕಡಿಮೆ.

ಕುರಿಗಳ ಬಗ್ಗೆ ನನಗೆ ಚೆನ್ನಾಗಿ ಗೊತ್ತಿತ್ತು. ಹಕ್ಕಿಗಳ ವಿಷಯದಲ್ಲಿ ನನ್ನ ಜ್ಞಾನ ಕೋಳಿಯ ಆಚೆಗೆ ಹೋಗುತ್ತಿರಲಿಲ್ಲ. ಕೋಳಿಗಳಿಗೆ ಬರುವ ಕೊಕ್ಕರೆ ರೋಗಕ್ಕೆ ಲಸಿಕೆ ಹಾಕುವುದು, ಸಿಡುಬಿಗೆ ಮುಲಾಮು ಕೊಡುವುದು, ಅಷ್ಟೇ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದೆ ನಾನು ಮಾಡಿಕೊಂಡ ಎಡವಟ್ಟು ಓದುವವರಿಗೆ ಸುಲಭವಾಗಿ ಅರ್ಥವಾದೀತು.

ಆ ವಾರ ಗಾಳಿಯೋ ಗಾಳಿ. ಅರಬ್ಬಿ ಸಮುದ್ರದಲ್ಲಿ ವಾಯುಭಾರ ಕುಸಿದಿದೆ ಎಂದು ರೇಡಿಯೋ ಹೇಳುತ್ತಿತ್ತು. ಕರಾವಳಿಯಲ್ಲಿ ಮಳೆ ಹೊಡೆಯುತ್ತಿದ್ದರೆ ನಮ್ಮಲ್ಲಿ ಬರೀ ಧೂಳು. ಆಸ್ಪತ್ರೆಯ ತಗಡಿನ ಬಾಗಿಲಿಗೆ ಕಲ್ಲು ಒರಗಿಸಿ ನಿಲ್ಲಿಸಬೇಕಾಗಿತ್ತು. ಆ ಮಂಗಳವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಬಿ.ಜಿ. ಕೆರೆಯ ತಿಪ್ಪಮ್ಮ ಎದೆಗೆ ಕಂಬಳಿಯ ಗಂಟೊಂದನ್ನು ಅವುಚಿಕೊಂಡು ಬಸ್ಸಿನಿಂದ ಇಳಿದಳು. ನನಗೆ ಅವಳ ಪರಿಚಯವಿತ್ತು. ಐವತ್ತು ದಾಟಿದ ಹೆಂಗಸು. ಗಂಡ ಮಾರಣ್ಣ ಕುರಿ ಕಾಯುತ್ತಿದ್ದ, ಇವಳು ಉಣ್ಣೆ ಆರಿಸಿ, ಹಿಂಜಿ, ನೂಲು ತೆಗೆಯುತ್ತಿದ್ದಳು. ಆರಿಸುವುದು ಎಂದರೆ ಕತ್ತರಿಸಿ ತಂದ ಉಣ್ಣೆಯನ್ನು ಬಣ್ಣದ ಪ್ರಕಾರ ಬೇರೆ ಬೇರೆ ಗುಡ್ಡೆ ಹಾಕುವ ಕೆಲಸ. ಬಣ್ಣ ಕಟ್ಟದ ಕರಿ ಕಂಬಳಿಗೆ ಕುರಿಯ ಮೈಯ ಬಣ್ಣವೇ ಬಣ್ಣ. ಹಾಗಾಗಿ ಆರಿಸುವವರ ಕಣ್ಣು ತಪ್ಪಿದರೆ ಕಂಬಳಿಯಲ್ಲಿ ಪಟ್ಟೆ ಮೂಡುತ್ತದೆ.

ಕಂಬಳಿ ಬಿಚ್ಚಿದಾಗ ಒಳಗಿದ್ದದ್ದು ಕುರಿಮರಿಯಲ್ಲ. ಹುಂಜಕ್ಕಿಂತ ದಪ್ಪನೆಯ ಕಂದು ಹಕ್ಕಿ. ಕೊಕ್ಕು ಹದ್ದಿನ ಹಾಗೆ ತುದಿಯಲ್ಲಿ ಬಾಗಿತ್ತು, ಕಾಲಿಗೆ ಮಾತ್ರ ಬಾತುಕೋಳಿಯ ಹಾಗೆ ಜಾಲಪಾದ. ಕತ್ತಿನ ಹಿಂಭಾಗದಲ್ಲಿ ಒಣಹುಲ್ಲಿನ ಬಣ್ಣ. ರೆಕ್ಕೆ ಬಿಡಿಸಿದಾಗ ಎರಡೂ ಕಡೆ ಒಂದೊಂದು ಬಿಳಿ ಮಚ್ಚೆ. ನಮ್ಮ ಅಟೆಂಡರ್ ಖಾಸಿಂ ಸಾಬ್ ಎರಡು ಸುತ್ತು ಬಂದು ನೋಡಿ, ಇದು ಎರಡು ಜಾನ್ವರ್ ಸೇರಿಸಿ ಹೊಲಿದಂಗೈತೆ ಮೇಡಂ ಎಂದರು. ಅವರ ಬೆರಳು ಸ್ವಲ್ಪ ಹತ್ತಿರ ಹೋದದ್ದೇ ತಡ, ಅರ್ಧ ಸತ್ತಂತಿದ್ದ ಹಕ್ಕಿ ಕಚ್ಚಿ ರಕ್ತ ಬರಿಸಿತು. ಭಯ ಎನ್ನುವುದು ಅದಕ್ಕೆ ಇದ್ದಂತೆಯೇ ಕಾಣಲಿಲ್ಲ.

ಉಳ್ಳಾರ್ತಿ ಕಾವಲೆಂಬ ಹುಲ್ಲುಗಾವಲಿನ ಅಂಚಿನಲ್ಲಿ ಕುರಿಗಳ ನಡುವೆ ಅದು ಬಂದು ಬಿದ್ದಿತ್ತಂತೆ. ನಾಯಿ ಹತ್ತಿರ ಹೋಗಿ, ಕೊಕ್ಕಿನ ಏಟು ತಿಂದು, ವಾಪಸು ಬಂದಿತ್ತು. ಮಾರಣ್ಣ ಹೆಗಲ ಮೇಲಿನ ಕಂಬಳಿ ಎಸೆದು ಹಿಡಿದಿದ್ದ. ತಿಪ್ಪಮ್ಮ ಅದನ್ನು ಇದ್ದ ಹಾಗೇ ತಂದಿರಲಿಲ್ಲ, ಚೊಕ್ಕ ಮಾಡಿ ತಂದಿದ್ದಳು.

"ಮೈಯೆಲ್ಲ ಜಿಡ್ಡು ಜಿಡ್ಡು, ಮೀನಿನ ನಾತ. ಅಂಟುವಾಳಕಾಯಿ ನೊರೇಲಿ ಎರಡು ಸಲ ತೊಳದೀನ್ರಿ, ಡಾಕ್ಟ್ರಮ್ಮ," ಎಂದಳು.

ಹೊಸ ಉಣ್ಣೆ ಮನೆಗೆ ಬಂದರೆ ಅವರು ಮೊದಲು ಮಾಡುವ ಕೆಲಸ ಅದು, ಜಿಡ್ಡು ತೆಗೆಯುವುದು. ಹಕ್ಕಿಗೂ ಅದನ್ನೇ ಮಾಡಿದ್ದಳು. ಒಳ್ಳೆಯ ಕೆಲಸ ಮಾಡಿದೆ ಎಂದು ನಾನು ಬೆನ್ನು ತಟ್ಟಿದೆ. ನಾನು ಯಾರನ್ನಾದರೂ ಹೊಗಳುವುದು ಅಪರೂಪ. ಹೊಗಳಿದ ಹೊತ್ತಾದರೂ ಸರಿಯಾಗಿರಬಾರದಿತ್ತೇ?

ತಕ್ಕಡಿಯಲ್ಲಿಟ್ಟಾಗ ಅದು 1,060 ಗ್ರಾಂ ತೂಗಿತು. ಮೂಳೆ ಮುರಿದಿರಲಿಲ್ಲ, ಗಾಯವಿರಲಿಲ್ಲ, ಬರೀ ನಿತ್ರಾಣ. ಹೊಟ್ಟೆಗೆ ಕೊಳವೆ ಇಳಿಸಿ ಗ್ಲೂಕೋಸ್ ನೀರು ಕೊಟ್ಟೆ. ರಾಗಿಮುದ್ದೆ, ಅನ್ನ, ಮೊಟ್ಟೆ ಯಾವುದನ್ನೂ ಅದು ಮೂಸಿಯೂ ನೋಡಲಿಲ್ಲ. ಮಧ್ಯಾಹ್ನ ಆಸ್ಪತ್ರೆಯಲ್ಲಿ ಒಂದು ಕುರಿ ಈದು ಮಾಸು ಬಿತ್ತು. ತಿಪ್ಪಮ್ಮ ಅದರ ಒಂದು ತುಂಡನ್ನು ಹಕ್ಕಿಯ ಮುಂದೆ ಹಾಕಿ ತೆಲುಗಿನಲ್ಲಿ "ತಿನು ತಲ್ಲಿ, ತಿನು" ಎಂದಳು. ಅವಳ ತವರು ಗಡಿಯಾಚೆ, ಮುದ್ದು ಮಾಡುವಾಗ ಅವಳ ಬಾಯಲ್ಲಿ ತೆಲುಗೇ ಬರುತ್ತಿತ್ತು. ಹಕ್ಕಿ ಒಂದೇ ಗುಟುಕಿಗೆ ನುಂಗಿತು. ಮರುದಿನದಿಂದ ಖಾಸಿಂ ಸಾಬ್ ಬಳ್ಳಾರಿ ಬಸ್ಸಿನ ಕಂಡಕ್ಟರಿಗೆ ಹೇಳಿ ತುಂಗಭದ್ರಾ ಡ್ಯಾಮಿನ ಮೀನು ತರಿಸತೊಡಗಿದರು. ಬಸ್ಸಿನಲ್ಲಿ ವಾಸನೆ ಎಂದು ಪ್ರಯಾಣಿಕರು ಗಲಾಟೆ ಮಾಡಿದರೆ, ಸರ್ಕಾರಿ ಔಷಧಿ ಎಂದು ಕಂಡಕ್ಟರ್ ಸಬೂಬು ಹೇಳುತ್ತಿದ್ದನಂತೆ.

ಇದು ಯಾವ ಹಕ್ಕಿ ಎಂದು ಹೇಳಿದವರು ಕರಾವಳಿಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತರಾಗಿದ್ದ ಮೇಷ್ಟ್ರು. ನನ್ನ ಸಹಪಾಠಿಯೊಬ್ಬ ಅವರ ನಂಬರು ಕೊಟ್ಟಿದ್ದ. ಎಸ್‌ಟಿಡಿ ಬೂತಿನಿಂದ ನಾನು ವಿವರಿಸುತ್ತ ಹೋದೆ. ರೆಕ್ಕೆಯ ಬಿಳಿ ಮಚ್ಚೆ ಎನ್ನುತ್ತಿದ್ದಂತೆ ಅವರು ನನ್ನ ಮಾತು ತಡೆದು, ಸ್ಕೂವಾ ಎಂದರು. ಸಮುದ್ರದ ದರೋಡೆಕೋರ. ಬೇರೆ ಹಕ್ಕಿಗಳನ್ನು ಅಟ್ಟಿಸಿಕೊಂಡು ಹೋಗಿ ಅವು ನುಂಗಿದ ಮೀನನ್ನು ಕಕ್ಕಿಸಿ ತಿನ್ನುತ್ತದೆ. ಗೂಡಿನ ಮೊಟ್ಟೆ, ಮರಿ, ಸತ್ತ ಪ್ರಾಣಿ, ಕಡಲಸಿಂಹದ ಮಾಸು, ಏನು ಸಿಕ್ಕರೂ ಬಿಡುವುದಿಲ್ಲ. ಮರಿ ಮಾಡುವುದು ಭೂಮಿಯ ದಕ್ಷಿಣದ ತುದಿಯ ಹತ್ತಿರ. ಅಲ್ಲಿ ಚಳಿಗಾಲವಾದಾಗ, ಅಂದರೆ ನಮ್ಮ ಮುಂಗಾರಿನಲ್ಲಿ, ಕೆಲವು ನಮ್ಮ ಸಮುದ್ರಗಳ ತನಕ ಬರುತ್ತವೆ. ಬಿರುಗಾಳಿಗೆ ಸಿಕ್ಕಿ ಸೋತವು ಹೀಗೆ ನೆಲದ ಒಳಗೆ ಎಲ್ಲಿಗೋ ಬಂದು ಬೀಳುವುದುಂಟು.

ನಮ್ಮ ಕಡೆ ಬರಬಹುದಾದವು ಎರಡು ಜಾತಿ, ಅವೆರಡೂ ಅಣ್ಣತಮ್ಮಂದಿರ ಹಾಗೆ ಎಂದು ಅವರು ಹೇಳಿದರು. ಒಂದು ಕಂದು ಸ್ಕೂವಾ. ಇನ್ನೊಂದು ದಕ್ಷಿಣ ಧ್ರುವ ಸ್ಕೂವಾ. ಎರಡನ್ನೂ ಹೋಲಿಸಿದ ಎರಡು ಜೆರಾಕ್ಸ್ ಹಾಳೆಗಳನ್ನು ಅಂಚೆಯಲ್ಲಿ ಕಳಿಸುವುದಾಗಿ ಮಾತು ಕೊಟ್ಟರು. ಫೋನಿಡುವ ಮುಂಚೆ ಒಂದು ಬಾನಿಯಲ್ಲಿ ನೀರು ತುಂಬಿ ಹಕ್ಕಿ ಸರಿಯಾಗಿ ತೇಲುತ್ತದೆಯೋ ನೋಡಿ ಎಂದರು.

ಆರನೆಯ ದಿನ ಹಕ್ಕಿ ಎದ್ದು ನಿಂತ ಮೇಲೆ ಬಾನಿಯಲ್ಲಿ ಬಿಟ್ಟೆವು. ತಿಪ್ಪಮ್ಮ ಅವತ್ತೂ ಬಂದಿದ್ದಳು. ದಿನಾ ಬರುತ್ತಿದ್ದಳು. ನೀರಿಗೆ ಬಿಟ್ಟ ಅರ್ಧ ನಿಮಿಷಕ್ಕೆ ಹಕ್ಕಿಯ ಮೈಯೆಲ್ಲ ನೆಂದು, ಬೆನ್ನಿನ ತನಕ ಮುಳುಗಿ, ಗಡಗಡ ನಡುಗತೊಡಗಿತು. ಎತ್ತಿಕೊಂಡರೆ ನೆಂದ ಬಟ್ಟೆಯ ಭಾರ. ಸಮುದ್ರದ ಹಕ್ಕಿ ಬಾನಿಯ ನೀರಲ್ಲಿ ಮುಳುಗುವುದೆಂದರೆ ಏನು ಎಂದು ನನ್ನ ತಲೆ ಚಿಟ್ಟು ಹಿಡಿಯಿತು. ನನಗಿಂತ ಮೊದಲು ಅರ್ಥವಾದದ್ದು ತಿಪ್ಪಮ್ಮನಿಗೆ.

"ನಾನೇ ಕೆಡಿಸಿದೆ ಕಣ್ರಿ. ಜಿಡ್ಡು ಪೂರಾ ತೆಗುದ್ರೆ ಕಂಬಳಿ ಮಳೆ ತಡಿಯಲ್ಲ. ಇದಕ್ಕೂ ಹಂಗೇ ಅಲ್ವೇನ್ರಿ?"

ಬೂತಿಗೆ ಓಡಿದೆ. ಮೇಷ್ಟ್ರು ಅದನ್ನೇ ಹೇಳಿದರು. ಬಾಲದ ಬುಡದಲ್ಲಿ ಎಣ್ಣೆಯ ಗ್ರಂಥಿಯೊಂದಿರುತ್ತದೆ, ಹಕ್ಕಿ ಕೊಕ್ಕಿನಿಂದ ಗರಿಗಳನ್ನು ಸವರಿಕೊಂಡು ಒಪ್ಪವಾಗಿ ಜೋಡಿಸಿಕೊಂಡರೇ ನೀರು ಒಳಗಿಳಿಯುವುದಿಲ್ಲ. ನೊರೆಯ ಅಂಶ ಗರಿಯಲ್ಲಿ ಉಳಿದರೆ ಅದು ಸಾಧ್ಯವಿಲ್ಲ. ಈಗ ಸಮುದ್ರಕ್ಕೆ ಬಿಟ್ಟರೆ ಮುಳುಗಿ ಸಾಯುತ್ತದೆ. ಬೆಚ್ಚಗಿನ ಬರೀ ನೀರಿನಲ್ಲಿ ಜಾಲಾಡಿಸಿ ಒಣಗಿಸಿ, ಮುಂದಿನದನ್ನು ಹಕ್ಕಿಗೇ ಬಿಡಿ, ವಾರಗಳೇ ಹಿಡಿದಾವು ಎಂದರು.

ವಾಪಸು ಬಂದು ನೋಡಿದರೆ ತಿಪ್ಪಮ್ಮ ಔಷಧಿ ಕೋಣೆಯ ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದಳು. ಬೈಯಲು ಬಾಯಿ ತೆರೆದವಳಿಗೆ, ಅವಳನ್ನು ಹೊಗಳಿದ್ದು ನಾನೇ ಎಂದು ನೆನಪಾಯಿತು. ಇಬ್ಬರದೂ ತಪ್ಪು, ಇಬ್ಬರೂ ಸೇರಿ ಸರಿ ಮಾಡೋಣ ಎಂದೆ. ಅವತ್ತಿನಿಂದ ಅವಳು ಬೆಳಗಿನ ಮೊದಲ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗತೊಡಗಿದಳು. ರಾಟೆಯನ್ನೂ ತಂದುಕೊಂಡು ಹಳೆಯ ಸ್ಟೋರ್ ರೂಮಿನಲ್ಲಿ ಹಕ್ಕಿಯ ಎದುರಿಗೇ ನೂಲುತ್ತ ಕೂರುತ್ತಿದ್ದಳು. ಹಕ್ಕಿ ಗರಿ ಸವರಿಕೊಳ್ಳುವಾಗ ಯಾರೂ ಒಳಗೆ ಕಾಲಿಡುವ ಹಾಗಿರಲಿಲ್ಲ. ದಿನಕ್ಕೆರಡು ಸಲ ಬೆರಳಿನಿಂದ ಅದರ ಬೆನ್ನಿಗೆ ನೀರು ಚಿಮುಕಿಸಿ, ಹನಿ ನಿಲ್ಲುತ್ತದೋ ಇಳಿಯುತ್ತದೋ ನೋಡುತ್ತಿದ್ದಳು. ಮಾರಣ್ಣ ಒಮ್ಮೆ ಬಂದು, ಕುರಿ ನಾನು ಕಾಯ್ತೀನಿ, ಗಂಜಿ ಯಾರು ಕಾಯಿಸ್ತಾರೆ ಕೇಳಿ ಡಾಕ್ಟ್ರಮ್ಮ ಎಂದು ನನ್ನ ಹತ್ತಿರ ದೂರು ಹೇಳಿದ. ಹೇಳಿದವನೇ ಒಳಗೆ ಹೋಗಿ ಅರ್ಧ ಗಂಟೆ ಹಕ್ಕಿಯನ್ನು ನೋಡುತ್ತ ಕೂತ.

ಈ ನಡುವೆ ಮೇಷ್ಟ್ರ ಹಾಳೆಗಳು ಬಂದವು. ದಕ್ಷಿಣ ಧ್ರುವ ಸ್ಕೂವಾ ಸ್ವಲ್ಪ ಚಿಕ್ಕದು, ಒಂದೂಕಾಲು ಕೆಜಿಯ ಆಸುಪಾಸು. ಮೈ ಬೂದಿ ಮಿಶ್ರಿತ ಕಂದು, ಕತ್ತಿನ ಹಿಂದೆ ತಿಳಿ ಬಣ್ಣ. ಕಂದು ಸ್ಕೂವಾ ದೊಡ್ಡದು, ಒಂದೂವರೆಯಿಂದ ಎರಡು ಕೆಜಿಯ ತನಕ. ಕೊಕ್ಕು ದಪ್ಪ, ಮೈ ಕಾಫಿಪುಡಿಯ ಕಂದು, ಕತ್ತೂ ಕಂದೇ. ನಾನು ಕಾಲಿನ ಮೂಳೆ ಅಳೆದೆ, 68 ಮಿಲಿಮೀಟರ್ ಬಂತು. ಚಿಕ್ಕ ಜಾತಿಯಲ್ಲಿ ದೊಡ್ಡದಕ್ಕೂ ಹೊಂದುತ್ತಿತ್ತು, ದೊಡ್ಡ ಜಾತಿಯಲ್ಲಿ ಚಿಕ್ಕದಕ್ಕೂ ಹೊಂದುತ್ತಿತ್ತು. ರೆಕ್ಕೆಯ ಗರಿಗಳ ತುದಿ ಸವೆದಿದ್ದರಿಂದ ಆ ಅಳತೆ ನಂಬುವ ಹಾಗಿರಲಿಲ್ಲ. ಉಳಿದದ್ದು ತೂಕ ಮತ್ತು ಕತ್ತಿನ ಬಣ್ಣ. ಕತ್ತು ತಿಳಿ ಬಣ್ಣವಿತ್ತು. ತೂಕ ಒಂದೂಕಾಲು ಕೆಜಿಯ ಕಡೆಗೆ ಏರುತ್ತಿತ್ತು. ನಾನು ದಕ್ಷಿಣ ಧ್ರುವ ಸ್ಕೂವಾ ಎಂದು ತೀರ್ಮಾನಿಸಿದೆ.

ತೀರ್ಮಾನಿಸಿದೆ ಎನ್ನುವುದಕ್ಕಿಂತ ಆಸೆಪಟ್ಟೆ ಎಂದರೆ ಸರಿ. ಎರಡರಲ್ಲಿ ಹೆಚ್ಚು ಅಪರೂಪದ್ದು ಅದು ಎಂದು ಮೇಷ್ಟ್ರು ಬಾಯಿತಪ್ಪಿ ಹೇಳಿದ್ದರು. ಬಯಲುಸೀಮೆಯ ಒಬ್ಬ ದನದ ಡಾಕ್ಟರು ದಕ್ಷಿಣ ಧ್ರುವದ ಹಕ್ಕಿ ಕಂಡುಹಿಡಿದಳು ಎಂದರೆ ಸಾಮಾನ್ಯವೇ? ಊರಿನ ವರದಿಗಾರನೊಬ್ಬ ಕೇಳಿದ್ದೇ ಸಾಕಾಯಿತು, ಒಂದೂ ಬಿಡದೆ ಹೇಳಿದೆ. ಜಿಲ್ಲಾ ಪುಟದಲ್ಲಿ ನನ್ನ ಫೋಟೋ ಬಂತು, ಹಕ್ಕಿಯದು ಚಿಕ್ಕದಾಗಿ ಬಂತು. ಮೇಷ್ಟ್ರು ಮಾತ್ರ ಫೋನಿನಲ್ಲಿ ನಿಧಾನಕ್ಕೆ ಹೇಳಿದ್ದರು:

"ತೂಕ ನೋಡಿ ಹೇಳಬೇಡಿ ಡಾಕ್ಟ್ರೇ. ಹಸಿದ ದೊಡ್ಡ ಸ್ಕೂವಾ, ಹೊಟ್ಟೆ ತುಂಬಿದ ಚಿಕ್ಕ ಸ್ಕೂವಾ, ಎರಡೂ ತಕ್ಕಡಿಯಲ್ಲಿ ಒಂದೇ."

ಅಂದರೆ ವಿಷಯ ಬರೀ ಹೆಸರಿನದ್ದಲ್ಲ. ಚಿಕ್ಕ ಜಾತಿಯಾಗಿದ್ದರೆ ಹಕ್ಕಿ ಗಟ್ಟಿಯಾಗಿದೆ, ಸಮುದ್ರಕ್ಕೆ ಬಿಡಬಹುದು. ದೊಡ್ಡ ಜಾತಿಯಾಗಿದ್ದರೆ ಅದರ ಮೈಯಲ್ಲಿ ಇರಬೇಕಾದ್ದರಲ್ಲಿ ಕಾಲು ಭಾಗವೇ ಇಲ್ಲ, ಮುಂಗಾರಿನ ಸಮುದ್ರದ ಮೇಲೆ ನಾಲ್ಕು ದಿನ ಹಾರುವ ಮುಂಚೆ ಮುಗಿದುಹೋಗುತ್ತದೆ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಕತ್ತಿನ ಬಣ್ಣ ಇದೆಯಲ್ಲ ಎಂದು ಸಮಾಧಾನ ಮಾಡಿಕೊಂಡೆ. ಎದೆಯ ಮೂಳೆ ಮುಟ್ಟಿದರೆ ಇನ್ನೂ ಚೂಪಾದ ಏಣಿನ ಹಾಗೆ ಕೈಗೆ ಸಿಗುತ್ತಿತ್ತು. ನಾಟಿ ಕೋಳಿಗೂ ಹಾಗೇ ಸಿಗುತ್ತದೆ ಎಂದು ಅದನ್ನೂ ತಳ್ಳಿಹಾಕಿದೆ.

ಹದಿನೇಳನೆಯ ದಿನ ತಿಪ್ಪಮ್ಮ ಚಿಮುಕಿಸಿದ ನೀರು ಹಕ್ಕಿಯ ಬೆನ್ನಿನ ಮೇಲೆ ಮಣಿಮಣಿಯಾಗಿ ನಿಂತು ಜಾರಿತು. ಬಾನಿಯಲ್ಲಿ ಬಿಟ್ಟರೆ ಮೈ ನೆನೆಯದೆ ಕಾಲು ಗಂಟೆ ತೇಲಿತು. ಅವಳು ಹೇಳಿಕೊಳ್ಳಲಾರದಷ್ಟು ಸಂತೋಷಪಟ್ಟಳು, ನಾನೂ ಪಟ್ಟೆ. ಚಳ್ಳಕೆರೆಯ ಎಣ್ಣೆ ಗಿರಣಿಯ ಮಾಲೀಕರಾದ ಮಲ್ಲೇಶಪ್ಪನವರಿಗೆ ಅವತ್ತೇ ಫೋನು ಮಾಡಿದೆ. ಅವರ ಎಮ್ಮೆಗಳಿಗೆ ನಾನೇ ವೈದ್ಯೆ. ಅವರ ಕಡಲೆಕಾಯಿ ಹಿಂಡಿಯ ಲಾರಿ ಆಗಾಗ ಮಂಗಳೂರಿಗೆ ಹೋಗುತ್ತಿತ್ತು. ನಾಳೆ ಬೆಳಿಗ್ಗೆ ಒಂದು ಹೊರಡುತ್ತದೆ, ಮುಂದಿನದು ಯಾವಾಗಲೋ ಹೇಳಲಾರೆ, ಕ್ಯಾಬಿನ್ನಿನಲ್ಲಿ ಜಾಗ ಮಾಡಿಸುತ್ತೇನೆ ಎಂದರು. ಅರಣ್ಯ ಇಲಾಖೆಯ ಕಚೇರಿಗೆ ಮೊದಲ ದಿನವೇ ತಿಳಿಸಿದ್ದೆ. ಅಲ್ಲಿಂದಲೂ ಒಪ್ಪಿಗೆಯ ಚೀಟಿ ಬಂತು. ಮಂಗಳೂರಿನಲ್ಲಿ ಮೇಷ್ಟ್ರು ಹಕ್ಕಿಯನ್ನು ಇಳಿಸಿಕೊಂಡು ಬಿಡುವುದು ಎಂದಾಯಿತು. ಮರುದಿನ ಬೆಳಿಗ್ಗೆ ತೂಕ 1,240 ಗ್ರಾಂ.

ಗಿರಣಿಯ ಅಂಗಳದಲ್ಲಿ ಲಾರಿ ಟಾರ್ಪಾಲು ಕಟ್ಟಿಕೊಂಡು ಸಿದ್ಧವಾಗಿ ನಿಂತಿತ್ತು. ಗೋಣಿ ಹಾಸಿದ ಬಿದಿರು ಬುಟ್ಟಿಯಲ್ಲಿ ಹಕ್ಕಿ ಕೂತಿತ್ತು. ಕೊನೆಯ ಸಲ ನೋಡುತ್ತೇನೆಂದು ತಿಪ್ಪಮ್ಮ ಬುಟ್ಟಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತಳು. ಮಲ್ಲೇಶಪ್ಪನವರು, ಇದು ಅದೇ ಜಾತಿ ಅಂತ ಹೆಂಗೆ ಗೊತ್ತಾತು ಮೇಡಂ ಎಂದು ಕುತೂಹಲದಿಂದ ಕೇಳಿದರು. ನಾನು ಪೇಪರಿನವನಿಗೆ ಕೊಟ್ಟ ಉಪನ್ಯಾಸವನ್ನೇ ಅವರಿಗೂ ಕೊಟ್ಟೆ. ತೂಕ ಕಡಿಮೆ, ಕತ್ತು ತಿಳಿ ಬಣ್ಣ, ಆದ್ದರಿಂದ ಚಿಕ್ಕ ಜಾತಿ. ದೊಡ್ಡದಾಗಿದ್ದರೆ ಕತ್ತು ಕಂದು ಇರಬೇಕಿತ್ತು.

ತಿಪ್ಪಮ್ಮ ತಲೆಯೆತ್ತಿದಳು. ಅವಳು ಈ ಮಾತನ್ನು ಕೇಳಿದ್ದು ಅದೇ ಮೊದಲು. ಹದಿನೇಳು ದಿನ ಜೊತೆಗಿದ್ದರೂ ಅವಳಿಗೆ ಇದನ್ನು ಹೇಳಬೇಕು ಎಂದು ನನಗೆ ಅನ್ನಿಸಿಯೇ ಇರಲಿಲ್ಲ.

"ಕತ್ತಿಂದು ಅದ್ರ ಸ್ವಂತ ಬಣ್ಣ ಅಲ್ರಿ. ಬಿಸಿಲಿಗೆ ಕೆಂಚು ಹತ್ತೈತೆ," ಎಂದಳು.

ಲಾರಿಯ ಡ್ರೈವರು ಹಾರನ್ ಹೊಡೆದ. ನನ್ನ ಪಿತ್ತ ನೆತ್ತಿಗೇರಿತು. ನಿನಗೆ ಕುರಿ ಗೊತ್ತು, ಇದು ನಿನಗೆ ಗೊತ್ತಿಲ್ಲ, ಸುಮ್ಮನಿರಮ್ಮ ಎಂದು ಎಲ್ಲರೆದುರಿಗೆ ಗದರಿದೆ. ಅವಳು ಸುಮ್ಮನಿರಲಿಲ್ಲ. ಬುಟ್ಟಿಯೊಳಗೆ ಕೈ ಹಾಕಿ, ನನ್ನನ್ನೂ ಖಾಸಿಂ ಸಾಬರನ್ನೂ ಕಚ್ಚಿದ ಆ ಹಕ್ಕಿಯ ತಲೆಯನ್ನು ಎಡಗೈಯಲ್ಲಿ ಮೆಲ್ಲಗೆ ಬಗ್ಗಿಸಿ ಹಿಡಿದಳು. ಬಲಗೈಯ ಹೆಬ್ಬೆರಳನ್ನು ನಾಲಿಗೆಗೆ ಒತ್ತಿ ಒದ್ದೆ ಮಾಡಿಕೊಂಡು, ಉಣ್ಣೆಯ ಗುಡ್ಡೆಯ ಮುಂದೆ ಕೂತಾಗ ಮಾಡುವ ಹಾಗೆಯೇ, ಕತ್ತಿನ ಗರಿಗಳನ್ನು ಎರಡು ಪಾಲಾಗಿ ಬಿಡಿಸಿದಳು.

"ಇಲ್ನೋಡ್ರಿ. ಒಂದರ ಮ್ಯಾಲೆ ಒಂದು ಕೂತಿರೋ ಕಡೆ ಬಿಸಿಲು ತಾಕಿಲ್ಲ. ಅಲ್ಲಿ ಏನೈತೆ ಬಣ್ಣ? ಕರೀ ಕುರಿ ಉಣ್ಣೇನೂ ಮ್ಯಾಲೆ ಹಿಂಗೇ ಕೆಂಚಗಿರ್ತೈತೆ. ತುದಿ ನೋಡಿ ಆರಿಸಿದ್ರೆ ನಮ್ಮ ಮನ್ಯಾಗೆ ಉಗೀತಾರೆ."

ಬಗ್ಗಿ ನೋಡಿದೆ. ಮೇಲಿನ ಗರಿ ಮುಚ್ಚಿಕೊಂಡಿದ್ದ ಭಾಗದಲ್ಲೆಲ್ಲ ಗಾಢವಾದ ಕಂದು, ಕಾಫಿಪುಡಿಯ ಕಂದು. ಹೊರಗೆ ಕಾಣುವ ಅಂಚಷ್ಟೇ ಒಣಹುಲ್ಲಿನ ಬಣ್ಣಕ್ಕೆ ಮಾಸಿತ್ತು. ಅವಳು ಇನ್ನೂ ಸ್ವಲ್ಪ ಬಿಡಿಸಿದಳು. ಹೊಸದಾಗಿ ಹುಟ್ಟುತ್ತಿದ್ದ ಎರಡು ಎಳೆ ಗರಿ ಕಂಡವು. ಅವುಗಳಿಗೆ ಬಿಸಿಲೇ ತಾಕಿರಲಿಲ್ಲ, ಬುಡದಿಂದ ತುದಿಯವರೆಗೆ ಕಂದು. ಹುಟ್ಟಿನಿಂದ ತಿಳಿ ಬಣ್ಣದ ಕತ್ತಾಗಿದ್ದರೆ ಹೊಸ ಗರಿ ಕಂದು ಯಾಕೆ ಬರುತ್ತದೆ? ನನ್ನ ಕೈ ತಾನಾಗಿ ಹಕ್ಕಿಯ ಎದೆಮೂಳೆಗೆ ಹೋಯಿತು. ಈ ಸಲ ನಾಟಿ ಕೋಳಿಯ ನೆನಪಾಗಲಿಲ್ಲ. ಬಡಕಲು ಹಕ್ಕಿ, ಅಷ್ಟೇ. ಇನ್ನು ಹತ್ತು ನಿಮಿಷ ತಡವಾಗಿದ್ದರೆ ಆರೋಗ್ಯವಂತ ಎಂದು ಚೀಟಿ ಬರೆದು ಸಾಯಲು ಕಳಿಸುತ್ತಿದ್ದೆ.

ಲಾರಿ ಹೋಗಲಿ ಎಂದೆ. ಮಲ್ಲೇಶಪ್ಪನವರು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಲಾರಿ ಮತ್ತೆ ಬರ್ತೈತೆ ಬಿಡ್ರಿ ಮೇಡಂ ಎಂದು ಡ್ರೈವರಿಗೆ ಕೈ ಬೀಸಿದರು. ಆ ಹೊತ್ತಿನಲ್ಲಿ ನನಗೆ ನಾಚಿಕೆಯಾಗದಂತೆ ನಡೆದುಕೊಂಡ ಆ ದೊಡ್ಡ ಮನುಷ್ಯರಿಗೆ ನಾನು ಇವತ್ತಿಗೂ ಋಣಿ. ತಿಪ್ಪಮ್ಮನ ಹತ್ತಿರ ಹೋಗಿ ತಪ್ಪಾಯಿತು ಎಂದೆ. ಸರ್ಕಾರಿ ಕೆಲಸಕ್ಕೆ ಸೇರಿದ ಮೇಲೆ ನಾನು ಆ ಮಾತು ಆಡಿದ್ದು ಅದೇ ಮೊದಲಿರಬೇಕು. ಅವಳು, ನಾನೂ ತಿಳೀದೆ ತೊಳದೆ, ನೀವೂ ತಿಳೀದೆ ಬೈದ್ರಿ, ಬಿಡ್ರಿ ಎಂದು ಬುಟ್ಟಿ ಎತ್ತಿಕೊಂಡು ಬಸ್‌ಸ್ಟಾಂಡಿನ ಕಡೆ ನಡೆದಳು.

ಮೇಷ್ಟ್ರಿಗೆ ಫೋನು ಮಾಡಿ ಎಲ್ಲವನ್ನೂ ಒಪ್ಪಿಕೊಂಡೆ. ಅವರು, ನಲವತ್ತು ವರ್ಷ ಹಕ್ಕಿ ನೋಡಿದ್ದೇನೆ, ಮಾಸಿದ ಗರಿಯನ್ನು ಹೀಗೆ ಬಿಡಿಸಿ ನೋಡಿ ಎಂದು ನಿಮಗೆ ಹೇಳಬೇಕಾದವನು ನಾನು, ನನಗೂ ಹೊಳೆಯಲಿಲ್ಲ ಎಂದರು. ವರದಿಗಾರನನ್ನು ಕರೆದು ತಿದ್ದುಪಡಿ ಹಾಕಿ ಎಂದೆ. ತಪ್ಪಾದ ಸುದ್ದಿ ಅರ್ಧ ಪುಟದಲ್ಲಿ ಬಂದಿತ್ತು, ಸರಿಯಾದದ್ದು ಮೂರು ಸಾಲಿನಲ್ಲಿ ಬಂತು. ಊರಿನಲ್ಲಿ ಕೆಲವರು ಸ್ವಲ್ಪ ದಿನ ನನ್ನನ್ನು ಕಂಡಾಗ ಮುಸಿಮುಸಿ ನಕ್ಕರು. ನಗಲಿ ಎಂದುಕೊಂಡೆ, ಹಕ್ಕಿ ಸ್ಟೋರ್ ರೂಮಿನಲ್ಲಿ ಜೀವಂತ ಇತ್ತಲ್ಲ.

ಮುಂದಿನ ಆರು ವಾರ ಅದನ್ನು ದಪ್ಪ ಮಾಡುವುದೇ ಕೆಲಸ. ದಿನಕ್ಕೆ ಮೂರು ಸಲ ಮೀನು. ಮೀನಿನ ಹೊಟ್ಟೆಯಲ್ಲಿ ಬಿ-ಕಾಂಪ್ಲೆಕ್ಸ್ ಮಾತ್ರೆ, ಏಕೆಂದರೆ ಹಿಡಿದು ಇಟ್ಟ ಮೀನನ್ನೇ ತಿನ್ನುವ ಹಕ್ಕಿಗಳಿಗೆ ಆ ಜೀವಸತ್ವ ಸಾಲದೆ ನರಗಳು ಸೋಲುತ್ತವೆ. ಜುಲೈ ಮೊದಲ ವಾರ 1,310. ಜುಲೈ ಕೊನೆಗೆ 1,480. ಕತ್ತಿನ ಹಿಂದೆ ಒಂದೊಂದಾಗಿ ಕಂದು ಗರಿಗಳು ಮೂಡಿ ಹುಲ್ಲಿನ ಬಣ್ಣ ಕರಗುತ್ತ ಬಂತು. ಅದರ ಫೋಟೋ ತೆಗೆಸಿ ಕಳಿಸಿದೆ. ಕಂದು ಸ್ಕೂವಾ, ಸಂಶಯವಿಲ್ಲ ಎಂದು ಮೇಷ್ಟ್ರು ಕಾರ್ಡು ಬರೆದರು. ಹಕ್ಕಿಗೆ ಶಕ್ತಿ ಬಂದ ಹಾಗೆಲ್ಲ ರೌಡಿತನವೂ ಬಂತು. ಖಾಸಿಂ ಸಾಬರ ಚಪ್ಪಲಿ ಹರಿಯಿತು, ಆಸ್ಪತ್ರೆಯ ಬೆಕ್ಕನ್ನು ಅಟ್ಟಿಸಿ ಅದರ ತಟ್ಟೆಯ ಹಾಲನ್ನು ಚೆಲ್ಲಿತು. ತಿಪ್ಪಮ್ಮನ ಕೈಯನ್ನು ಮಾತ್ರ ಅದು ಒಮ್ಮೆಯೂ ಕಚ್ಚಲಿಲ್ಲ.

ಆಗಸ್ಟ್ ಎರಡನೆಯ ವಾರ ಹಕ್ಕಿ 1,590 ಗ್ರಾಂ ತೂಗಿದಾಗ ಮಲ್ಲೇಶಪ್ಪನವರ ಲಾರಿ ಮತ್ತೆ ಹೊರಟಿತು. ಈ ಸಲ ನಾನು ರಜೆ ಹಾಕಿ ಬುಟ್ಟಿಯ ಜೊತೆಗೆ ಹೋದೆ, ತಿಪ್ಪಮ್ಮನನ್ನೂ ಹೊರಡಿಸಿದೆ. ಘಾಟಿ ಇಳಿಯುವ ತನಕ ಅವಳು ಬುಟ್ಟಿಯನ್ನು ತೊಡೆಯಿಂದ ಇಳಿಸಲಿಲ್ಲ. ಅವಳು ಸಮುದ್ರ ನೋಡಿದವಳಲ್ಲ. ಮೇಷ್ಟ್ರ ಜೊತೆ ಮರಳಿಗೆ ಇಳಿದಾಗ, ಅಲೆಗಳ ಸದ್ದಿಗೆ ಹೆದರಿ ಎರಡು ಹೆಜ್ಜೆ ಹಿಂದೆ ಸರಿದಳು. ಹಾಗಿದ್ದರೂ ಬುಟ್ಟಿಯ ಬಾಯಿ ತಾನೇ ಬಿಚ್ಚುತ್ತೇನೆ ಎಂದಳು.

ಹಕ್ಕಿ ಹೊರಗೆ ಬಂದು, ನಮ್ಮನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ, ನೀರಿನ ಕಡೆಗೆ ನಡೆಯಿತು. ಮೊದಲ ಅಲೆ ಅದರ ಮೇಲೆ ಹಾದುಹೋಯಿತು. ತಿಪ್ಪಮ್ಮ ನನ್ನ ಮುಂಗೈ ಹಿಡಿದುಕೊಂಡಳು. ರಾಟೆ ತಿರುಗಿಸಿದ ಕೈ, ಉಗುರು ನನ್ನ ಚರ್ಮಕ್ಕೆ ಇಳಿಯುವಷ್ಟು ಗಟ್ಟಿ ಹಿಡಿತ. ಬಾನಿಯಲ್ಲಿ ಮುಳುಗಿದ ಹಕ್ಕಿಯೇ ಅವಳ ಕಣ್ಣ ಮುಂದಿತ್ತು ಎಂದು ನನಗೆ ಗೊತ್ತು, ನನ್ನ ಕಣ್ಣ ಮುಂದೂ ಅದೇ ಇತ್ತು. ಎರಡನೆಯ ಅಲೆ ಹೋದ ಮೇಲೆ ಅದು ನೀರಿನ ಮೇಲೆ ಎತ್ತರವಾಗಿ, ನೆನೆಯದ ಬೆನ್ನಿನೊಂದಿಗೆ ತೇಲುತ್ತಿತ್ತು. ತಲೆ ಒದರಿಕೊಂಡಿತು. ಆಮೇಲೆ ಗಾಳಿಗೆ ಎದುರಾಗಿ ರೆಕ್ಕೆ ಬಿಡಿಸಿ ಎದ್ದಿತು. ಎರಡೂ ರೆಕ್ಕೆಗಳ ಬಿಳಿ ಮಚ್ಚೆ ಬಹಳ ದೂರದ ತನಕ ಕಂಡಿತು. ನೂರು ಮಾರು ಹೋಗುವಷ್ಟರಲ್ಲಿ ಒಂದು ಕಡಲಕಾಗೆಯನ್ನು ಅಟ್ಟಿಸಿಕೊಂಡು ಹೋಗಿ ಅದರ ಬಾಯಿಯ ಮೀನು ಕಿತ್ತುಕೊಂಡಿತು. ಮೇಷ್ಟ್ರು ಗಟ್ಟಿಯಾಗಿ ನಕ್ಕರು. ತಿಪ್ಪಮ್ಮ ನನ್ನ ಕೈ ಬಿಡಲಿಲ್ಲ. ಅಳುತ್ತಿದ್ದಳು, ನಾನೂ ಅತ್ತೆ. ಅದರಲ್ಲಿ ಮುಚ್ಚಿಡುವುದೇನಿದೆ?

ನಾವು ಹೊರಡುವಾಗ ಮೇಷ್ಟ್ರು ಹಕ್ಕಿ ನೋಡುವವರ ಸಂಘವೊಂದರ ದಾಖಲೆಗೆ ತುಂಬಿ ಕಳಿಸಿ ಎಂದು ಒಂದು ಫಾರಂ ಕೊಟ್ಟಿದ್ದರು. ಎಲ್ಲಿ ಸಿಕ್ಕಿತು, ಯಾವಾಗ, ಅಳತೆ, ತೂಕ, ಕೊನೆಗೆ ಜಾತಿ ಗುರುತಿಸಿದವರು ಯಾರು, ಅವರ ಅರ್ಹತೆ ಏನು. ವಾಪಸು ಬಂದ ಮೇಲೆ, ಸ್ಟೋರ್ ರೂಮಿನಲ್ಲಿ ರಾಟೆ ಗಂಟು ಕಟ್ಟುತ್ತಿದ್ದ ತಿಪ್ಪಮ್ಮನ ಎದುರಿಗೆ ಕೂತು ಅದನ್ನು ತುಂಬಿದೆ. ಅವಳ ಪೂರಾ ಹೆಸರು ಕೇಳಿದಾಗ ಯಾಕೆ ಎಂದಳು. ಹೇಳಿದೆ.

"ನನ್ನ ಹೆಸ್ರು ಬ್ಯಾಡ್ರಿ. ತೊಳದು ಕೆಡಿಸಿದೋಳು ನಾನು."

ಅದನ್ನೂ ಬರೆದಿದ್ದೇನೆ, ಅದರ ಕೆಳಗೆ ನನ್ನ ತಪ್ಪನ್ನೂ ಬರೆದಿದ್ದೇನೆ ಎಂದು ಓದಿ ಹೇಳಿದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ಬರ್ಕಳ್ರಿ ಹಂಗಾದ್ರೆ ಎಂದಳು.

ಮೂವತ್ತೊಂದು ವರ್ಷ ಕೆಲಸ ಮಾಡಿ ನಿವೃತ್ತಳಾದೆ. ಆ ಆಗಸ್ಟಿನ ನಂತರ ನಾನು ಚಿಕಿತ್ಸೆ ಶುರು ಮಾಡಿದ್ದು ಪ್ರಾಣಿಯನ್ನು ಮುಟ್ಟಿಯಲ್ಲ. ಅದನ್ನು ತಂದವರಿಗೆ ಒಂದು ಸ್ಟೂಲು ಹಾಕಿ ಕೂರಿಸಿ, ನಿಮಗೇನು ಕಂಡಿತು ಹೇಳಿ ಎಂದು ಕೇಳಿಯೇ ಶುರು ಮಾಡಿದ್ದು. ಎಷ್ಟೋ ಕುರಿ, ದನ ಆ ಒಂದು ಪ್ರಶ್ನೆಯಿಂದ ಉಳಿದಿವೆ. ಆ ಪುಣ್ಯದಲ್ಲಿ ನನ್ನ ಪಾಲು ಕಡಿಮೆ. ಫಾರಮ್ಮಿನ ನಕಲು ಈಗಲೂ ನನ್ನ ಹತ್ತಿರ ಇದೆ. ಗುರುತಿಸಿದವರು ಎಂಬಲ್ಲಿ ತಿಪ್ಪಮ್ಮ, ಬಿ.ಜಿ. ಕೆರೆ ಎಂದಿದೆ. ಅರ್ಹತೆ ಎಂಬಲ್ಲಿ ಉಣ್ಣೆ ಆರಿಸುವವರು ಎಂದಿದೆ. ನನ್ನ ನೌಕರಿಯಲ್ಲಿ ನಾನು ತುಂಬಿದ ಸಾವಿರಾರು ಕಾಲಂಗಳಲ್ಲಿ ಒಂದಕ್ಷರವೂ ತಪ್ಪಿಲ್ಲ ಎಂದು ಎದೆ ತಟ್ಟಿ ಹೇಳಬಹುದಾದವು ಅವೆರಡೇ.